ಮಾವನ ಕತ್ತು, ನನ್ನ ಎಡಗಾಲು

ನಾನು ನಮ್ಮ ಮಾವನ ಮುಖ ನೋಡಿದ್ದಕ್ಕಿಂತ ಅವರ ಕತ್ತಿನ ಹಿಂಭಾಗ ನೋಡಿದ್ದೇ ಹೆಚ್ಚು. 1982ರಲ್ಲಿ ನಾನು ಗುಬ್ಬಿಯ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಮಾವ ಚೌಡಪ್ಪ ತುಮಕೂರಿಂದ ಗುಬ್ಬಿ ಮೇಲೆ ಚೇಳೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಶಿರಾ ಗೇಟಿನ ಮನೆಯಿಂದ ಅವರು ಬೆಳಕು ಹರಿಯುವ ಮುಂಚೆ ಹೊರಟುಬಿಡುತ್ತಿದ್ದರು. ನಾನು ಎಂಟೂವರೆಯ ಟ್ರಿಪ್ಪಿಗೆ ಅವರ ಬಸ್ಸನ್ನೇ ಹತ್ತಿ, ಅವರ ಬೆನ್ನ ಹಿಂದಿನ ಲೇಡೀಸ್ ಸೀಟಿನಲ್ಲಿ ಕೂರುತ್ತಿದ್ದೆ. ಬಸ್ಸಿನಲ್ಲಿ ಮಾವ ಸೊಸೆ ಮಾತಾಡುವ ಅಭ್ಯಾಸ ನಮ್ಮಲ್ಲಿರಲಿಲ್ಲ. ಹೀಗಾಗಿ ಮುಕ್ಕಾಲು ಗಂಟೆ ನನ್ನ ಕಣ್ಣೆದುರು ಖಾಕಿ ಕಾಲರು, ಅದರ ಮೇಲೊಂದು ಕೆಂಪು ಟವೆಲ್ಲು, ಅದರ ಮೇಲೆ ಆ ಕತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಕತ್ತು ಸರಿಯಾಗಿ ತಿರುಗುತ್ತಿಲ್ಲ ಎಂದು ನನಗೆ ಅನುಮಾನ ಶುರುವಾಯಿತು. ಯಾರಾದರೂ "ಚೌಡಣ್ಣ" ಎಂದು ಪಕ್ಕದಿಂದ ಕರೆದರೆ ಅವರು ಸೊಂಟದಿಂದ ಮೇಲಕ್ಕೆ ಪೂರ್ತಿ ತಿರುಗುತ್ತಿದ್ದರು, ಬೀರು ತಿರುಗಿಸಿದ ಹಾಗೆ. ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಉಪ್ಪಿನ ಬಟ್ಟಲು ಕಾಣದೆ "ಉಪ್ಪೆಲ್ಲೇ?" ಎಂದು ಅತ್ತೆ ಮೇಲೆ ರೇಗುತ್ತಿದ್ದರು. "ಮಾವ, ಕತ್ತು ನೋಯ್ತಿದೆಯಾ?" ಎಂದು ಒಮ್ಮೆ ಕೇಳಿದೆ. "ನೋವಾ? ಯಾರ್ಗೆ? ನಿಂಗಾ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಫೆಬ್ರವರಿ ಮೊದಲ ವಾರ ನಿಜ ಏನೆಂದು ನಾನೇ ಕಣ್ಣಾರೆ ಕಂಡೆ. ಗುಬ್ಬಿ ಸ್ಟ್ಯಾಂಡಿನಲ್ಲಿ ಬಸ್ಸು ಗೋಡೆಗೆ ಮುಖ ಕೊಟ್ಟು ನಿಲ್ಲುತ್ತದೆ. ಹೊರಡಬೇಕಾದರೆ ಹಿಂದಕ್ಕೆ ತೆಗೆಯಲೇಬೇಕು. ಕಂಡಕ್ಟರ್ ಕರಿಬಸವಯ್ಯ ಹಿಂದೆ ನಿಂತು ತಗಡಿಗೆ ತಟ್ಟುತ್ತಾ "ಬರ್ಲಿ, ಬರ್ಲಿ" ಅನ್ನಬೇಕು, ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಬಲ ಹೆಗಲ ಮೇಲಿಂದ ಹಿಂದೆ ನೋಡಬೇಕು. ಅವತ್ತು ಕರಿಬಸವಯ್ಯ ಕೋಳಿಬುಟ್ಟಿ ಟಾಪಿಗೆ ಹಾಕೋ ವಿಷಯಕ್ಕೆ ಯಾರ ಹತ್ತಿರವೋ ಜಗಳಕ್ಕೆ ಬಿದ್ದಿದ್ದ. ನಾನು ಇಳಿದು ಪಕ್ಕದಲ್ಲಿ ನಿಂತಿದ್ದೆ. ಮಾವ ತಲೆ ಹೊರಹಾಕಿದರು, ಬಸ್ಸು ಹಿಂದಕ್ಕೆ ಬಿಟ್ಟರು. ಸೌತೆಕಾಯಿ ಮಾರುವವಳು ಕಿರುಚಿಕೊಂಡು ಪಕ್ಕಕ್ಕೆ ಹಾರಿದಳು. ಚಕ್ರ ಅವಳ ಬುಟ್ಟಿಯ ಮೇಲೆ ಹತ್ತಿ ನಿಂತಿತು.

ನನಗೆ ಎದೆ ಹೊಡೆದುಕೊಂಡಿದ್ದು ಬುಟ್ಟಿಗಲ್ಲ. ಮಾವನ ತಲೆ ಹೊರಗಿತ್ತು ನಿಜ, ಆದರೆ ಅವರ ಮುಖ ಪಕ್ಕದ ಹೋಟೆಲಿನ ಕಡೆಗಿತ್ತು. ಹಿಂದಕ್ಕೆ ತಿರುಗಿರಲೇ ಇಲ್ಲ. ಎಷ್ಟು ದಿನದಿಂದಲೋ ಈ ಮನುಷ್ಯ ಹಿಂದೆ ನೋಡುವ ನಾಟಕ ಆಡುತ್ತಾ ಕರಿಬಸವಯ್ಯನ ಕೂಗಿನ ಮೇಲೆ ಬಸ್ಸು ಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಆಫೀಸಿನಲ್ಲಿ ಒಂದು ಪತ್ರವನ್ನು ನಾಲ್ಕು ಸಲ ತಪ್ಪು ಟೈಪು ಮಾಡಿ ಬೈಸಿಕೊಂಡೆ.

ಸುದ್ದಿ ಬಸ್ಸಿನ ಮಾಲೀಕರ ಕಿವಿಗೂ ಬಿತ್ತು. ಎಲ್ಲರೂ ಅವರನ್ನು ಸಾಹುಕಾರರು ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಬಾಯಿ ಜೋರು. "ಚೌಡಪ್ಪ, ಮಾರ್ಚಿ ಹದಿನೈದನೇ ತಾರೀಕು ಸೋಮವಾರ ನಾನೇ ಗುಬ್ಬಿಗೆ ಬರ್ತೀನಿ. ಕಂಡಕ್ಟರ್ ಕೂಗೋ ಹಂಗಿಲ್ಲ. ನೀನೊಬ್ನೇ ರಿವರ್ಸ್ ತೆಗೀಬೇಕು. ತೆಗೆದ್ರೆ ಲೈಸೆನ್ಸ್ ರಿನ್ಯೂ ಮಾಡ್ಸಣ. ಇಲ್ಲಾಂದ್ರೆ ಸೀಟು ಬಿಟ್ಟು ಇಳಿ" ಅಂದರಂತೆ. ಇಪ್ಪತ್ತಾರು ವರ್ಷದಿಂದ ಆ ಸೀಟಿನಲ್ಲಿ ಕೂತವರು ನಮ್ಮ ಮಾವ. ಶಿರಾ ಗೇಟಿನಲ್ಲಿ ನಡೆದು ಹೋದರೆ ಬೀಡಾ ಅಂಗಡಿಯವನೂ ಎದ್ದು "ಡ್ರೈವರಣ್ಣ" ಅನ್ನುತ್ತಿದ್ದ. ಆ ಸೀಟು ಹೋದರೆ ಅವರು ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಆವತ್ತಿನಿಂದ ಮನೆಯಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ. ಅತ್ತೆ ಹನುಮಕ್ಕ ದಿಂಬನ್ನು ಬಿಸಿಲಿಗೆ ಹಾಕಿದರು, ಹರಳೆಣ್ಣೆ ಕಾಸಿ ತಿಕ್ಕಿದರು, ಉಪ್ಪಿನ ಗಂಟು ಬಿಸಿ ಮಾಡಿ ಇಟ್ಟರು. ಮಾವ ದಿನ ಬಿಟ್ಟು ದಿನ ಸಲೂನಿಗೆ ಹೋಗಿ ಕತ್ತಿನ ನೆಟಿಗೆ ತೆಗೆಸಿಕೊಂಡು ಬರುತ್ತಿದ್ದರು. ಕ್ಷೌರದವನು ಗದ್ದ ಹಿಡಿದು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಕಟಕ್ ಅನ್ನಿಸುತ್ತಿದ್ದ. ಮನೆಗೆ ಬಂದು ಒಂದು ಗಂಟೆ ಕಾಲ ಮಾವ ರಾಜನ ಹಾಗೆ ಓಡಾಡುತ್ತಿದ್ದರು. ಸಂಜೆಗೆ ಮತ್ತೆ ಬೀರು.

ನನ್ನ ಯಜಮಾನರು ಪಾವಗಡದಲ್ಲಿ ಮೇಷ್ಟ್ರು, ತಿಂಗಳಿಗೊಮ್ಮೆ ಬರುವವರು. ಮನೆಯ ತಲೆಬಿಸಿಯೆಲ್ಲ ನಮ್ಮಿಬ್ಬರು ಹೆಂಗಸರದೇ. ಅಂಥ ಹೊತ್ತಿನಲ್ಲಿ ನನ್ನ ತವರೂರ ಕಡೆಯ ಮುದುಕಿ ಕೊಲ್ಲಾಪುರಮ್ಮ ಮಗಳ ಮನೆಗೆಂದು ತುಮಕೂರಿಗೆ ಬಂದವಳು ನಮ್ಮ ಮನೆಗೂ ಬಂದಳು. ಕಾಫಿ ಕುಡಿದಳು, ಅತ್ತೆಯ ಗೋಳು ಕೇಳಿದಳು, ಆಮೇಲೆ ನನ್ನ ಕಡೆ ಕೈ ತೋರಿಸಿ, "ಮನ್ಯಾಗೇ ಮದ್ದು ಇಟ್ಕಂಡು ಊರೆಲ್ಲ ಸುತ್ತುತೀರಲ್ರವ್ವ! ನಿಮ್ಮ ಸೊಸೆ ಕಾಲು ಮುಂದಾಗಿ ಹುಟ್ಟಿರೋಳು. ಇವ್ಳ ಕಾಲು ಸೋಕಿದ್ರೆ ಎಂಥ ಉಳುಕೂ ನಿಲ್ಲಲ್ಲ" ಅಂದಳು.

ಮದುವೆಯಾಗಿ ಮೂರು ವರ್ಷದಿಂದ ನಾನು ಬಾಯಿ ಬಿಡದೆ ಇದ್ದ ವಿಷಯ ಅದು. ಹೊಟ್ಟೆಯಿಂದ ಕಾಲು ಮುಂದಾಗಿ ಹೊರಬಂದ ಮಗುವಿನ ಎಡಗಾಲಿಗೆ ಉಳುಕು ತೆಗೆಯುವ ಶಕ್ತಿ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಚೇಳೂರಿನ ಹತ್ತಿರದ ನಮ್ಮೂರಿನಲ್ಲಿ ನಾನು ನಡೆಯಲು ಕಲಿತಾಗಿನಿಂದ ಇದೇ ಕೆಲಸ. ಭಾನುವಾರ ಬೆಳಿಗ್ಗೆ ಯಾರೋ ಹೊಸಿಲ ಬಳಿ ಬೋರಲು ಮಲಗಿರುತ್ತಿದ್ದರು. ನಾನು ನಿದ್ದೆಗಣ್ಣಿನಲ್ಲಿ ಎದ್ದು, ಬಾಯಿಯನ್ನೂ ತೊಳೆಯದೆ, ಅವರ ಸೊಂಟಕ್ಕೋ ಕತ್ತಿಗೋ ಮೂರು ಸಲ ಕಾಲು ಸೋಕಿಸಬೇಕು. ಆಮೇಲೆ ನನ್ನ ಕೈಗೆ ಕೊಬ್ಬರಿ ಬೆಲ್ಲ. ದೊಡ್ಡವರನ್ನೆಲ್ಲ ಒದೆಯಬಹುದು ಎಂದು ನನಗೂ ಮೊದಮೊದಲು ಖುಷಿಯೇ ಇತ್ತು.

ಒಂಬತ್ತು ವರ್ಷವಾಗಿದ್ದಾಗ ತೆಂಗಿನಕಾಯಿ ಕೀಳುವ ಚಿಕ್ಕಬೋರಯ್ಯ ಬಂದ. ಮರದಿಂದ ಜಾರಿ ಅವನ ಕತ್ತು ಹಿಡಿದುಕೊಂಡಿತ್ತು. ಮೂರು ಸಲ ಸೋಕಿಸಿದರೂ ಹೋಗಲಿಲ್ಲ. ಜಗುಲಿ ಮೇಲೆ ಕೂತಿದ್ದ ಗಂಡಸರು, "ಅಂಗಲ್ಲ ಕಣೇ, ಹತ್ತಿ ನಿಂತ್ಕೋ, ಜೋರಾಗಿ ತುಳಿ" ಅಂದರು. ನಾನು ಹತ್ತಿದೆ, ತುಳಿದೆ. ಏನೋ ಲಟಕ್ ಅಂತು. ಗಂಡಸರು "ಬಿಡ್ತು, ಬಿಡ್ತು" ಎಂದು ಚಪ್ಪಾಳೆ ತಟ್ಟಿದರು. ಚಿಕ್ಕಬೋರಯ್ಯನ ಬಲಗೈ ಆವತ್ತು ಮೇಲೇಳಲಿಲ್ಲ, ಆಮೇಲೂ ಏಳಲಿಲ್ಲ. ಅವನು ಮರ ಹತ್ತುವುದು ಬಿಟ್ಟು ಬಸ್ ಸ್ಟಾಪಿನ ಕಟ್ಟೆ ಮೇಲೆ ಕೂರತೊಡಗಿದ. ಎಲ್ಲರೂ ಅವನ ಹಣೆಬರಹ ಎಂದರು. ನಾನು ಸ್ಕೂಲಿಗೆ ಹೋಗುವಾಗ ಆ ಕಟ್ಟೆ ತಪ್ಪಿಸಲು ತೋಟದ ಸುತ್ತ ಹಾದು ಹೋಗುತ್ತಿದ್ದೆ. ಅವತ್ತಿನಿಂದ ಯಾರು ಕರೆದರೂ ನಾನು ಕಾಲು ಎತ್ತಲಿಲ್ಲ.

ಇದನ್ನೆಲ್ಲ ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. "ಅವೆಲ್ಲ ಸುಳ್ಳು ಅತ್ತೆ. ಮಾವನ ಮೈಗೆ ನಾನು ಕಾಲು ತಾಗಿಸ್ತೀನಾ? ಪಾಪ ಸುತ್ಕೊಳ್ಳುತ್ತೆ" ಅಂದೆ. ಅತ್ತೆ ಬಿಡುವವರಲ್ಲ. "ಮದ್ದಿಗೆ ಪಾಪ ಇಲ್ಲ ಕಣವ್ವ" ಅಂದರು. ಮಾವ ಮಾತ್ರ ಕೆಂಡವಾದರು. "ಸೊಸೆ ಕಾಲ್ನಾಗೆ ಒದೆಸ್ಕಳೋ ಗತಿ ನಂಗಿನ್ನೂ ಬಂದಿಲ್ಲ!" ಎಂದು ಟವೆಲ್ಲು ಕೊಡವಿ ಹೊರಗೆ ಹೋದರು. ಅವರ ಜಂಬ ಆ ದಿನ ನನ್ನನ್ನು ಕಾಪಾಡಿತು. ಆದರೆ ಇನ್ನು ಎಷ್ಟು ದಿನ?

ಬೇರೆ ದಾರಿ ಹುಡುಕಲೇಬೇಕಾಯಿತು. ನಮ್ಮ ಆಫೀಸಿನ ಗುಮಾಸ್ತರೊಬ್ಬರು ಕುಣಿಗಲ್ಲಿನವರು. ಅವರ ಊರಿನಲ್ಲಿ ಗರಡಿಮನೆಯ ಆಂಜನಪ್ಪ ಎಂಬ ಹಳೆಯ ಪೈಲ್ವಾನರು ಕೀಲು, ಬೆನ್ನು, ಕತ್ತು ನೋಡುತ್ತಾರೆ ಎಂದರು. ಮಾವನನ್ನು ಒಪ್ಪಿಸಲು ನಾನು ಒಂದೇ ಮಾತು ಹೇಳಿದೆ: "ಅವರು ಕೈಯಲ್ಲಿ ಮಾಡ್ತಾರಂತೆ ಮಾವ, ಕಾಲಲ್ಲಲ್ಲ." ಮರುದಿನ ಭಾನುವಾರ ರಜಾ ಹಾಕಿಸಿ ಕುಣಿಗಲ್ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾವ ಆ ಡ್ರೈವರನ ಗೇರು ಹಾಕುವ ರೀತಿಗೆ ಲೊಚಗುಟ್ಟುತ್ತಾ ಕಾಲಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು.

ಆಂಜನಪ್ಪನವರಿಗೆ ಎಪ್ಪತ್ತಿರಬಹುದು. ಕಿವಿ ಮುದುಡಿದ, ಅಗಲ ಹೆಗಲಿನ ಮನುಷ್ಯ. ಮುಟ್ಟುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಬೆರಳು ಜೋಮು ಹಿಡಿಯುತ್ತಾ? ಕೈಲಿ ಹಿಡಿದ ಲೋಟ ಜಾರುತ್ತಾ? ನಡೆಯುವಾಗ ಕಾಲು ತೂರಾಡುತ್ತಾ? ತಲೆ ಸುತ್ತುತ್ತಾ? ಮಾವ ಎಲ್ಲಕ್ಕೂ ಇಲ್ಲ ಅಂದ ಮೇಲೆ, "ಹಂಗಾದ್ರೆ ಕೈ ಹಾಕ್ತೀನಿ. ಇದ್ರಾಗೆ ಒಂದು ಇದ್ದಿದ್ರೂ ದೊಡ್ಡಾಸ್ಪತ್ರೆಗೆ ಹೋಗಿ ಫೋಟೋ ತೆಗೆಸ್ಕಂಡು ಬಾ ಅಂತಿದ್ದೆ" ಅಂದರು.

ಅವರು ಕತ್ತಿಗೆ ನೇರವಾಗಿ ಕೈ ಹಾಕಲಿಲ್ಲ. ಮೊದಲು ಹೆಗಲು, ಆಮೇಲೆ ಬೆನ್ನಿನ ಮೇಲ್ಭಾಗ, ಕೊನೆಗೆ ಕತ್ತಿನ ಎರಡೂ ಬದಿಯ ಬಿಗಿದ ನರಗಳನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿ ಬಿಡಿಸಿದರು. ತಲೆಯನ್ನು ಎರಡೂ ಕೈಲಿ ಹಿಡಿದು ಸಣ್ಣಗೆ ಎಳೆದು ಹಿಡಿದರು. ಮಾವ ಕಾದರು, ಕಾದರು, ಕೊನೆಗೆ, "ಕಟಕ್ ಅನ್ಸಲ್ವಾ?" ಎಂದು ಕೇಳಿಯೇಬಿಟ್ಟರು.

"ಶಬ್ದ ಬಂದ್ರೆ ವಾಸಿ ಆಯ್ತು ಅನ್ಕಂಡಿದೀಯ" ಎಂದು ಆಂಜನಪ್ಪ ನಕ್ಕರು. "ಕತ್ತಿನ ಮೂಳೆ ಮೂಳೆ ನಡುವೆ ಮೆತ್ತೆ ಇರುತ್ತೆ ಕಣಪ್ಪ. ಐವತ್ತು ದಾಟಿದ ಮೇಲೆ ಅದು ಒಣಗಿ ಸವೀತದೆ. ಮೂಳೆ ಅಂಚು ಬೆಳೀತದೆ. ಇಪ್ಪತ್ತಾರು ವರ್ಸ ಒಂದೇ ಕಡೆ ಕಣ್ಣಿಟ್ಟು ಕೂತಿದೀಯ, ನಿಂಗೆ ಇನ್ನೂ ಬೇಗ. ಹೊರದೇಸದಾಗೆ ಇದ್ಕೇ ಕಾಲೇಜು ಅವಂತೆ, ಕೈರೋಪ್ರಾಕ್ಟರ್ ಅಂತ ಡಾಕ್ಟ್ರು ಅವ್ರಂತೆ. ಅವ್ರೂ ಸವೆದಿದ್ದನ್ನ ತುಂಬ್ಸಲ್ಲ. ಬಿಗಿದಿದ್ದನ್ನ ಸಡ್ಲ ಮಾಡ್ತಾರೆ, ಅಷ್ಟೆ. ಸಲೂನ್‌ನಾಗೆ ತಿರುಗ್ಸೋದು ಇವತ್ತಿಂದ ಬುಟ್ಬುಡು. ಯಾವತ್ತಾದ್ರೂ ಒಂದಿನ ಎಡವಟ್ಟಾಯ್ತದೆ."

ಆ ಎಡವಟ್ಟು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಗೋಡೆ ನೋಡುತ್ತಾ ಕೂತೆ.

ನಾಲ್ಕು ಭಾನುವಾರ ಹೋದೆವು. ಮಾವ ಹೇಳಿದ್ದನ್ನೆಲ್ಲ ಮಾಡಿದರು, ಪರೀಕ್ಷೆಗೆ ಓದುವ ಹುಡುಗನ ಹಾಗೆ. ತೆಳುದಿಂಬು, ಬಿಸಿನೀರ ಟವೆಲ್ಲು, ಅಂಗೈಗೆ ಹಣೆ ಒತ್ತಿ ಎಣಿಸುವುದು, ಗದ್ದ ಒಳಕ್ಕೆಳೆದು ಬಿಡುವುದು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಾಗಲೂ ಗದ್ದ ಎಳೆಯುತ್ತಿದ್ದರು. ಪ್ರಯೋಜನವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ತಲೆನೋವು ನಿಂತಿತು, ನಿದ್ದೆ ಬಂತು. ಉಪ್ಪಿನ ಬಟ್ಟಲು ಕಂಡಿತು. ಎಡಕ್ಕೆ ಚೆನ್ನಾಗಿಯೇ ತಿರುಗಿತು. ಬಲಕ್ಕೆ ಮಾತ್ರ ಅರ್ಧ ದೂರ ಹೋಗಿ ನಿಲ್ಲುತ್ತಿತ್ತು, ಬಾಗಿಲಿಗೆ ಕಲ್ಲು ಅಡ್ಡ ಕೊಟ್ಟಂತೆ.

ನಾಲ್ಕನೇ ಭಾನುವಾರ ಎಂದರೆ ಮಾರ್ಚಿ ಏಳು. ಮಾವ ನೇರವಾಗಿ ಕೇಳಿದರು: "ಬಸ್ಸು ರಿವರ್ಸ್ ತೆಗೆಯೋಷ್ಟು ತಿರುಗ್ತದಾ?" ಆಂಜನಪ್ಪ ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, "ಉಣ್ಣೋಕೆ, ಮಲಗೋಕೆ, ನಾಳೆ ಮೊಮ್ಮಕ್ಳಾದ್ರೆ ಹೆಗ್ಲ ಮೇಲೆ ಕೂರುಸ್ಕಳೋಕೆ ಇಷ್ಟು ಕತ್ತು ಸಾಕು ಚೌಡಪ್ಪ. ಅದ್ಕೆ ಸಾಲ್ದು. ಸುಳ್ಳು ಹೇಳಿ ಕಳ್ಸೋಕೆ ನಂಗೆ ಬರಲ್ಲ" ಅಂದರು. ಮಾವ ಅವರಿಗೆ ಕೈಮುಗಿದು ಎದ್ದರು. ತುಮಕೂರಿಗೆ ವಾಪಸ್ ಬರುವಾಗ ಬಸ್ಸಿನ ಡ್ರೈವರ್ ಗೇರನ್ನು ಕರಕರ ಅನ್ನಿಸಿದರೂ ಲೊಚಗುಟ್ಟಲಿಲ್ಲ.

ಆ ವಾರ ನನಗೆ ಒಂದು ಹೊತ್ತಿನ ಅನ್ನ ಸರಿಯಾಗಿ ಇಳಿಯಲಿಲ್ಲ. ಮಾವ ಅಂಗಳದಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದರು, ಅತ್ತೆ ಒಳಗೆ ಹೊರಗೆ ಓಡಾಡುತ್ತಿದ್ದರು, ಇಬ್ಬರ ಕಣ್ಣೂ ನನ್ನ ಕಾಲ ಮೇಲೆ. ನಾನು ಮನೆಯಲ್ಲೂ ಸೀರೆಯನ್ನು ಕಾಲು ಮುಚ್ಚುವ ಹಾಗೆ ಇಳಿಬಿಟ್ಟು ನಡೆಯತೊಡಗಿದೆ. ಎಂಥ ಹುಚ್ಚು ನೋಡಿ.

ಹದಿನಾಲ್ಕನೇ ತಾರೀಕು ಭಾನುವಾರ ಬೆಳಿಗ್ಗೆ ನಾನು ಕೋಣೆಯಿಂದ ಹೊರಬಂದಾಗ ಮಾವ ಹೊಸಿಲ ಬಳಿ ಚಾಪೆ ಹಾಸಿ ಬೋರಲು ಮಲಗಿದ್ದರು. ಬನಿಯನ್ ಮಾತ್ರ. ಟವೆಲ್ಲು ಇರಲಿಲ್ಲ. ಅತ್ತೆ ತಟ್ಟೆಯಲ್ಲಿ ಕೊಬ್ಬರಿ ಬೆಲ್ಲ ಹಿಡಿದು ನಿಂತಿದ್ದರು. ಅದನ್ನು ಕಂಡದ್ದೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಸೋಕಿಸ್ಬುಡು ತಾಯಿ" ಎಂದರು ಮಾವ, ನೆಲಕ್ಕೆ ಬಾಯಿಟ್ಟು. ಇಪ್ಪತ್ತಾರು ವರ್ಷ ಯಾರಿಗೂ ತಲೆ ಬಾಗಿಸದ ಮನುಷ್ಯ. "ನಾಳೆ ಒಂದಿನ ತಿರುಗಿದ್ರೆ ಸಾಕು. ನಂಗೆ ಬ್ಯಾರೆ ಕೆಲ್ಸ ಬರಲ್ಲ ಕಣವ್ವ. ಮೆತ್ತಗೆ ಆಗ್ಲಿಲ್ಲ ಅಂದ್ರೆ ಹತ್ತಿ ನಿಂತ್ಕೋ. ಜೋರಾಗೇ ತುಳಿ. ನಾನೇನೂ ಅನ್ಕಳಲ್ಲ."

ಅದೇ ಮಾತು. ಜಗುಲಿಯ ಗಂಡಸರು ಹೇಳಿದ್ದ ಅದೇ ಮಾತು. ನಾನು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡು ನೆಲಕ್ಕೆ ಕೂತೆ. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಚಿಕ್ಕಬೋರಯ್ಯನ ಹೆಸರು, ಆ ಲಟಕ್, ಚಪ್ಪಾಳೆ, ಜೋತುಬಿದ್ದ ಕೈ. "ನಾನು ಒಬ್ಬನ ಕೈ ಕಳ್ದಿದ್ದೀನಿ ಮಾವ. ಇನ್ನೊಬ್ಬರದ್ದು ಕಳೆಯಲ್ಲ. ನೀವು ಮನೆ ಬಿಟ್ಟು ಹೋಗು ಅಂದ್ರೆ ಹೋಗ್ತೀನಿ" ಅಂದೆ. ಅತ್ತೆ ತಟ್ಟೆಯನ್ನು ಒಳಗೆ ಇಟ್ಟು ಬಂದರು. ಮಾವ ಎದ್ದು, ಚಾಪೆ ಸುತ್ತಿ ಮೂಲೆಗಿಟ್ಟು, ನನ್ನ ಕಡೆ ನೋಡದೆ ಹೊರಗೆ ಹೋದರು. ರಾತ್ರಿ ಊಟವನ್ನೂ ಅತ್ತೆಯ ಕೈಲೇ ಬಡಿಸಿಕೊಂಡರು. ನನ್ನ ಮುಖ ನೋಡಲು ಅವರಿಗೆ ಅಸಹ್ಯವಾಗಿದೆ, ಮಗನಿಗೆ ಎಂಥವಳನ್ನು ತಂದುಬಿಟ್ಟೆ ಎಂದುಕೊಳ್ಳುತ್ತಿದ್ದಾರೆ ಎಂದು ನಾನು ನಂಬಿಬಿಟ್ಟೆ.

ಸೋಮವಾರ ಎಂದಿನಂತೆ ಅದೇ ಬಸ್ಸು ಹತ್ತಿದೆ. ಗುಬ್ಬಿ ಸ್ಟ್ಯಾಂಡಿನಲ್ಲಿ ಸಾಹುಕಾರರು ಛತ್ರಿ ಊರಿಕೊಂಡು ನಿಂತಿದ್ದರು. ಜನ ಇಳಿದರು, ನಾನೂ ಇಳಿದು ಪಕ್ಕಕ್ಕೆ ನಿಂತೆ. ಕರಿಬಸವಯ್ಯ ಕಿಟಕಿಯ ಹತ್ತಿರ ಬಂದು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಚೌಡಣ್ಣ, ಕೂಗಲ್ಲ, ಹಿಂದೆ ನಿಂತು ಕೆಮ್ತೀನಿ. ಒಂದು ಕೆಮ್ಮು ಅಂದ್ರೆ ಬಾ, ಎರಡು ಅಂದ್ರೆ ನಿಲ್ಸು. ಸಾಹುಕಾರಂಗೇನು ಗೊತ್ತಾಯ್ತದೆ?" ಹಿಂದೆ ಇಬ್ಬರು ಮಕ್ಕಳು ಗೋಲಿ ಆಡುತ್ತಿದ್ದರು. ಸೌತೆಕಾಯಿಯವಳು ಹೊಸ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಎಲ್ಲರೂ ಮಾವನಿಗೆ ಒಳ್ಳೆಯದೇ ಬಯಸುತ್ತಿದ್ದರು.

ಮಾವ ಇಂಜಿನ್ ಚಾಲೂ ಮಾಡಿದರು. ತಲೆ ಹೊರಹಾಕಿ ಬಲಕ್ಕೆ ತಿರುಗಿಸಿದರು. ಅರ್ಧಕ್ಕೆ ನಿಂತಿತು. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದರು, ಮತ್ತೂ ಅಲ್ಲಿಗೇ ನಿಂತಿತು. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಮಾವನ ಕೈ ಗೇರಿನ ಮೇಲಿತ್ತು. ಇನ್ನೊಂದು ಕೆಮ್ಮು ಕೇಳಿಸಿತು, ಬಾ ಎಂದೋ ನಿಲ್ಲಿಸು ಎಂದೋ ತಿಳಿಯದ ಹಾಗೆ. ಮಾವ ಇಂಜಿನ್ ಆರಿಸಿದರು.

ಅವರು ಇಳಿದು ಬಂದು ಕೀಯನ್ನು ಸಾಹುಕಾರರ ಕೈಗಿಟ್ಟರು. "ಹಿಂದೆ ಕಾಣಲ್ಲ ಸ್ವಾಮಿ. ಸಂಕ್ರಾಂತಿಯಿಂದ್ಲೂ ಕಾಣ್ತಿರ್ಲಿಲ್ಲ. ಗೊತ್ತಿದ್ದೂ ಓಡಿಸ್ದೆ" ಅಂದರು. ಸಾಹುಕಾರರು ಬೈಯಲು ಬಾಯಿ ತೆರೆದವರು ಕೀಯನ್ನು ಜೇಬಿಗೆ ಹಾಕಿಕೊಂಡರು. ಕರಿಬಸವಯ್ಯ ತಲೆ ತಗ್ಗಿಸಿಕೊಂಡು ನಿಂತ.

ಆಮೇಲೆ ಮಾವ ನಾನಿದ್ದ ಕಡೆ ನಡೆದು ಬಂದರು. ಬಸ್ ಸ್ಟ್ಯಾಂಡಿನಲ್ಲಿ, ನೂರು ಜನರ ಎದುರು, ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು.

"ಗಂಗಮ್ಮ, ಆವಯ್ಯನ ಕೈ ಕಳ್ದೋಳು ನೀನಲ್ಲ ಕಣವ್ವ. ಒಂಬತ್ತು ವರ್ಸದ ಕೂಸು ನೀನು. ಹತ್ತು, ತುಳಿ ಅಂದೋರು ಮೀಸೆ ಬಂದಿದ್ದ ದೊಡ್ಡೋರು." ಹೆಗಲ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡರು. "ನೆನ್ನೆ ನಾನೂ ಅವ್ರ ಸಾಲ್ನಾಗೇ ನಿಂತಿದ್ದೆ. ಮನ್ಸಿನಾಗೆ ಇಟ್ಕಬ್ಯಾಡ."

ಚಿಕ್ಕಬೋರಯ್ಯನ ಕೈ ಹೋದ ಮೇಲಿನ ಹದಿನಾರು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹೆತ್ತ ತಾಯಿಯೂ ಹೇಳಿರಲಿಲ್ಲ. ನಾನು ಊಟದ ಡಬ್ಬಿಯನ್ನು ಎದೆಗವಚಿಕೊಂಡು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಮಾವ ಏನು ಮಾಡಬೇಕೋ ತಿಳಿಯದೆ, "ಆಪೀಸಿಗೆ ಹೊತ್ತಾಯ್ತು, ನಡಿ" ಎಂದು ಬೈದರು. ನಾನು ನಡೆದೆ.